ಮೆಟ್ಟಿಲು ತೊಳೆದವಳು

ಸೋಪಿನ ಪುಡಿ, ಫಿನಾಯಿಲ್, ಪಾತ್ರೆ ಉಜ್ಜುವ ತಂತಿ, ಎಲ್ಲ ಸೇರಿ ಅವಳ ಅಂಗೈಯ ಗೆರೆಗಳನ್ನೇ ಅಳಿಸಿಹಾಕಿದ್ದವು. ಬೆರಳ ಸಂದಿಗಳು ಬಿರಿದು, ನೀರು ತಾಗಿದರೆ ಉರಿ. ಆದರೂ ಕೆಲಸ ಮಾತ್ರ ಸರಸರ ಸಾಗುತ್ತಿತ್ತು. ಅದಕ್ಕೇ ಆ ಬೀದಿಯವರೆಲ್ಲ ಅವಳನ್ನು ಚುರುಕಿ ಎಂದು ಕರೆಯುತ್ತಿದ್ದರು. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ. ಬೇಗ ಮುಗಿಸುವವಳಿಗೆ ಇನ್ನೊಂದು ಕೆಲಸ ಹಚ್ಚುತ್ತಾರೆ, ಅಷ್ಟೇ.

ಯಜಮಾನರ ಮನೆಯ ಹಿಂದೆ ತಗಡಿನ ಸೂರಿನ ಒಂದು ಕೋಣೆ. ಅದರಲ್ಲಿ ಚುರುಕಿ ಮತ್ತು ಅವಳ ಅತ್ತೆ. ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಈ ಅತ್ತೆ, ಅತ್ತೆಯ ಊದಿದ ಮೊಣಕಾಲು, ಆಮೇಲೆ ಅತ್ತೆಯ ನಾಲಿಗೆ. ಕೋಣೆಗೆ ಬಾಡಿಗೆ ಇಲ್ಲ. ಅದರ ಬದಲು ಕರೆದಾಗ ಓಡಿ ಬರಬೇಕು. ಊಟಕ್ಕೆ ಕೂತಿದ್ದರೂ ಸರಿ, ಜ್ವರ ಬಂದು ಮಲಗಿದ್ದರೂ ಸರಿ.

ಆ ಮನೆಗೆ ಬಣ್ಣ ಹೊಡೆಯಲು ಒಬ್ಬ ಪೇಂಟರ್ ಬಂದಿದ್ದ. ಗಂಡ ಹೆಂಡತಿ ಇಬ್ಬರದೂ ಅದೇ ಕಸುಬು. ಅವಳು ಹಳೇ ಬಣ್ಣ ಕೆರೆದು ಗೋಡೆ ಉಜ್ಜಿಕೊಡುವುದು, ಅವನು ಏಣಿ ಹತ್ತಿ ಬಳಿಯುವುದು. ಚುರುಕಿಯನ್ನು ಕಂಡರೆ ಅವನಿಗೆ ಸಲಿಗೆ. “ಅಕ್ಕಾ, ಸ್ವಲ್ಪ ನಿಧಾನಕ್ಕೆ ಒರೆಸು. ನಿನ್ನ ರಭಸಕ್ಕೆ ನನ್ನ ಬಣ್ಣನೂ ಎದ್ದು ಬಂದ್ಬಿಡುತ್ತೆ” ಎಂದು ರೇಗಿಸುತ್ತಿದ್ದ.

ಎಲ್ಲ ಮುಗಿದ ಮೇಲೆ ಯಜಮಾನರಿಗೆ ಮುಂದಿನ ಹಾಲ್‌ನ ಒಂದು ಗೋಡೆಯ ಬಣ್ಣ ಹಿಡಿಸಲಿಲ್ಲ. ಬಣ್ಣ ಆರಿಸಿದ್ದು ಅವರೇ. “ಮತ್ತೆ ಹೊಡಿ” ಎಂದರು. ಹೊಡೆದ. “ಈಗ ಗಾಢವಾಯ್ತು, ಮತ್ತೆ ಹೊಡಿ.” ಅಷ್ಟರಲ್ಲಿ ಅವನು ಮಾತು ಕೊಟ್ಟಿದ್ದ ಇನ್ನೊಂದು ಮನೆಯವರು ಕಾದು ಕಾದು ಬೈಯುತ್ತಿದ್ದರು. “ಅಲ್ಲಿ ಮುಗಿಸಿ ಬಂದು ಮಾಡಿಕೊಡ್ತೀನಿ ಸಾರ್” ಎಂದ. ಯಜಮಾನರು ಅವನ ಏಣಿಯನ್ನು ಕಾರ್ ಶೆಡ್ಡಿನಲ್ಲಿ ಇಟ್ಟುಕೊಂಡರು. ಗೋಡೆ ಸರಿಯಾಗುವ ತನಕ ಏಣಿ ಕೊಡುವುದಿಲ್ಲವಂತೆ. ಏಣಿಯಿಲ್ಲದ ಪೇಂಟರ್ ಏನು ಮಾಡಬೇಕು? ಕೈಗೆಟುಕುವಷ್ಟು ಗೋಡೆಗೆ ಮಾತ್ರ ಬಣ್ಣ ಹೊಡೆದು, ಮಿಕ್ಕಿದ್ದನ್ನು ದೇವರಿಗೆ ಬಿಡಬೇಕೆ?

ಒಂದು ದಿನ ಬಿಸಿಲೇರಿದ ಹೊತ್ತಿಗೆ ಅವನು ಬಂದ. ಮನೆಯಲ್ಲಿ ಯಜಮಾನರೊಬ್ಬರೇ. ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದ ಚುರುಕಿಗೆ ಮಾತು ಕೇಳಿಸಿತು.

“ನನ್ನ ಏಣಿ ನಾನು ತಗೊಂಡು ಹೋಗ್ತಿದ್ದೀನಿ ಸಾರ್. ನಿಮ್ಮದೇನೂ ಮುಟ್ಟಿಲ್ಲ.”

“ಕೆಳಗಿಡೋ ಅದನ್ನ!”

“ಇಡಲ್ಲ ಸಾರ್. ನನಗೂ ಹೊಟ್ಟೆ ಇದೆ.”

ಆಮೇಲೆ ಢಂ ಎಂದಿತು. ಏಣಿ ಬಿತ್ತೇನೋ ಅಂದುಕೊಂಡು ಅವಳು ಒದ್ದೆ ಕೈಯಲ್ಲೇ ಓಡಿದಳು. ಏಣಿಯೂ ಬಿದ್ದಿತ್ತು. ಅದರ ಕೆಳಗೆ ಪೇಂಟರ್ ಬಿದ್ದಿದ್ದ. ಅಂಗಳ ದಾಟಿ ಗೇಟಿಗೆ ಇಳಿಯುವ ಮೆಟ್ಟಿಲ ಮೇಲೆ ಬೋರಲಾಗಿ, ತಲೆ ಬೀದಿಯ ಕಡೆ, ಬೆನ್ನು ಮನೆಯ ಕಡೆ. ಅಂಗಿಯ ಬೆನ್ನು ಕೆಂಪಾಗುತ್ತಿತ್ತು. ಯಜಮಾನರು ಜಗಲಿಯಲ್ಲಿ ಬಂದೂಕು ಹಿಡಿದು ನಿಂತಿದ್ದರು. ಕಾಂಪೌಂಡು ಆಳೆತ್ತರ, ಹೊರಗಿನವರಿಗೆ ಏನೂ ಕಾಣುವಂತಿರಲಿಲ್ಲ.

“ಅಯ್ಯೋ! ಏನ್ ಮಾಡಿದ್ರಿ ಸಾರ್?”

“ಬಾಯಿ ಬಡ್ಕೋಬೇಡ. ಬಿಸಿಲಲ್ಲಿ ಬಿದ್ದಿದ್ದಾನೆ, ಒಳಗೆ ಸಾಗಿಸೋಣ. ಕಾಲು ಹಿಡ್ಕೋ. ಡಾಕ್ಟರಿಗೆ ನಾನು ಫೋನ್ ಮಾಡ್ತೀನಿ.”

ಡಾಕ್ಟರ್ ಎಂಬ ಮಾತು ಕೇಳಿ ಅವಳಿಗೆ ಹೋದ ಜೀವ ಬಂದಂತಾಯಿತು. ಉಸಿರಿದೆ ಅಂದುಕೊಂಡಳು ಪಾಪ. ಕಾಲು ಹಿಡಿದಳು. ಹಾಲ್‌ನ ನಡುವೆ ಮಲಗಿಸಿದರು. “ಹೋಗು, ಏಣಿ ಶೆಡ್ಡಿಗೆ ಹಾಕಿ ಮೆಟ್ಟಿಲು ತೊಳಿ. ಬೇಗ” ಎಂದರು. ಬೇಗ ಎನ್ನುವ ಮಾತು ಕಿವಿಗೆ ಬಿದ್ದರೆ ಅವಳ ಕೈ ಅವಳನ್ನು ಕೇಳುತ್ತಿರಲಿಲ್ಲ. ಏಣಿ ಒಳಹೋಯಿತು, ಬಕೆಟ್ ಬಂತು, ಪೊರಕೆ ಬಂತು. ಮೆಟ್ಟಿಲು ಮಾತ್ರವಲ್ಲ, ಅಂಗಳದುದ್ದಕ್ಕೂ ತೊಟ್ಟಿಕ್ಕಿದ ರಕ್ತವನ್ನೂ ಉಜ್ಜಿದಳು. ಬಾಯಲ್ಲಿ ಮಾತ್ರ “ಏನೂ ಆಗದಿರಲಿ, ಏನೂ ಆಗದಿರಲಿ” ಎನ್ನುತ್ತಿದ್ದಳು.

ಖಾಲಿ ಬಕೆಟ್ ಹಿಡಿದು ಒಳಗೆ ಬಂದರೆ ಡಾಕ್ಟರೂ ಇಲ್ಲ, ಫೋನೂ ಇಲ್ಲ. ಯಜಮಾನರು ಬಗ್ಗಿ, ಶೆಡ್ಡಿನ ಕಬ್ಬಿಣದ ರಾಡನ್ನು ಪೇಂಟರನ ಬೆರಳಿಗೆ ಸಿಕ್ಕಿಸುತ್ತಿದ್ದರು. ಅವನ ಕಣ್ಣು ತೆರೆದೇ ಇತ್ತು. ಉಸಿರು ಇರಲಿಲ್ಲ.

ಯಜಮಾನರು ಕೊನೆಗೆ ಫೋನ್ ಮಾಡಿದ್ದು ಠಾಣೆಗೆ. ಇನ್ಸ್‌ಪೆಕ್ಟರ್ ಬಂದು ಸೋಫಾದಲ್ಲಿ ಕೂತ. ಅವಳು ನೀರು ತಂದಿಟ್ಟಳು. ಅವಳು ಅಲ್ಲೇ ನಿಂತಿದ್ದಾಳೆಂದು ಇಬ್ಬರೂ ಮಾತು ತಗ್ಗಿಸಲಿಲ್ಲ. ಕೆಲಸದವಳಿಗೂ ಕಿವಿ ಇರುತ್ತದೆ ಎಂಬುದು ದೊಡ್ಡವರಿಗೆ ಹೊಳೆಯುವುದಿಲ್ಲ.

“ನೋಡಿ ಸಾರ್,” ಎಂದ ಇನ್ಸ್‌ಪೆಕ್ಟರ್, “ಮನೆಯೊಳಗೆ ನುಗ್ಗಿ ಮೈಮೇಲೆ ಬಿದ್ದ, ಜೀವ ಉಳಿಸ್ಕೊಳ್ಳೋಕೆ ಹೊಡೆದೆ ಅಂದ್ರೆ ಕಾನೂನು ನಿಮ್ಮ ಕಡೆ. ಅದೇ ಅವನ ಪಾಡಿಗೆ ಅವನು ವಾಪಸ್ ಹೋಗ್ತಿದ್ದಾಗ ಹೊಡೆದ್ರೆ ಕೊಲೆ. ಮನೆ ನಿಮ್ಮದೇ, ಬಂದೂಕಿಗೆ ಲೈಸೆನ್ಸೂ ಇದೆ, ಆದ್ರೂ ಕೊಲೆನೇ. ಈಗ ಯೋಚನೆ ಮಾಡಿ ಹೇಳಿ. ಎಲ್ಲಿದ್ದ?”

“ಒಳಗೆ. ಇಲ್ಲೇ, ಹಾಲಲ್ಲಿ.”

“ಒಳಗೆ. ಸರಿ. ಗುಂಡು ಬೆನ್ನಿಗೆ ಬಿದ್ದಿದೆಯಲ್ಲ?”

“ರಾಡು ಎತ್ತಿದ. ನಾನು ಗುರಿ ಇಟ್ಟ ಕೂಡಲೇ ತಿರುಗಿದ.”

“ತಿರುಗಿದ. ಆಗುತ್ತೆ, ಆಗುತ್ತೆ.”

ಒಂದು ಹೊಸ್ತಿಲು, ಅಷ್ಟೇ. ಅದರ ಆಚೆಗಿದ್ದರೆ ಕೊಲೆ, ಈಚೆಗಿದ್ದರೆ ಕಳ್ಳ. ಆಚೆಯಿಂದ ಈಚೆಗೆ ಅವನ ಕಾಲು ಹಿಡಿದು ಹೊತ್ತು ತಂದವಳು ತಾನೇ ಎಂದು ಚುರುಕಿಗೆ ಆಗ ಅರ್ಥವಾಯಿತು. ಹಿತ್ತಲಿಗೆ ಓಡಿದಳು.

ಇನ್ಸ್‌ಪೆಕ್ಟರ್ ಹೋದ ಮೇಲೆ ಯಜಮಾನರು ಅಲ್ಲಿಗೇ ಬಂದರು. ದನಿ ಬೆಣ್ಣೆಯಂತಿತ್ತು.

“ಕೇಳಿದ್ರೆ ಒಳಗೇ ಇದ್ದ ಅನ್ನು. ಈ ಕೋಣೆ ನೀನಿರೋವರೆಗೂ ನಿನ್ನದು. ಇಲ್ಲಾಂದ್ರೆ ನೆನಪಿಟ್ಕೋ, ರಕ್ತ ತೊಳೆದವಳು ನೀನು. ಸಾಕ್ಷಿ ಅಳಿಸೋದು ದೊಡ್ಡ ಅಪರಾಧ. ನನಗಿಂತ ಮೊದಲು ಜೈಲಿಗೆ ಹೋಗೋಳು ನೀನೇ.”

ಅತ್ತೆಗೆ ಎಲ್ಲ ಹೇಳಿದಳು. ಅತ್ತೆ ತಲೆ ಚಚ್ಚಿಕೊಂಡಳು.

“ಬಾಯಿ ಮುಚ್ಕೊಂಡಿರೇ ಮಹಾತಾಯಿ. ನೀನು ಜೈಲಿಗೆ ಹೋದ್ರೆ ನಾನು ಈ ಕಾಲು ಎಳ್ಕೊಂಡು ಯಾರ ಮನೆ ಬಾಗಿಲಿಗೆ ಹೋಗ್ಲಿ?”

ಬಾಯಿ ಮುಚ್ಚಿಕೊಂಡಳು. ಕಾನ್‌ಸ್ಟೇಬಲ್ ಬಂದು ಕೇಳಿದಾಗ “ಅಡುಗೆಮನೇಲಿದ್ದೆ, ನೋಡಿಲ್ಲ” ಎಂದಳು. ಮೆಟ್ಟಿಲು ತುಳಿಯಲಾಗದೆ ಹಿಂದಿನ ಸಂದಿಯಿಂದಲೇ ಓಡಾಡಿದಳು.

ಒಂದು ದಿನ ಆ ಸಂದಿಯಲ್ಲೇ ಪೇಂಟರನ ಹೆಂಡತಿ ಎದುರಾದಳು. ಕೂದಲಲ್ಲಿ ಸುಣ್ಣದ ಧೂಳಿರಲಿಲ್ಲ. ಕಳ್ಳನ ಹೆಂಡತಿಯನ್ನು ಯಾರೂ ಮನೆಯೊಳಗೆ ಕೆಲಸಕ್ಕೆ ಬಿಡುತ್ತಿರಲಿಲ್ಲ.

“ಅಕ್ಕಾ, ನೀನಿದ್ದೆಯಲ್ಲ ಆ ಮನೇಲಿ. ಒಂದೇ ಮಾತು ಹೇಳು. ನನ್ನ ಗಂಡ ಕಳ್ಳನಾ?”

ಚುರುಕಿ ಪಕ್ಕಕ್ಕೆ ಸರಿದು ದಾಟಿಹೋಗಲು ನೋಡಿದಳು.

“ಏಣಿ ತರ್ತೀನಿ ಅಂತ ಹೋದೋನು ರಾಡ್ ಯಾಕೆ ಹಿಡೀತಾನೆ ಅಕ್ಕಾ? ಏಣಿ ಹೊರೋಕೇ ಎರಡು ಕೈ ಬೇಕಲ್ಲ?”

ಅಷ್ಟು ಕೇಳಿ ಪೇಂಟರನ ಹೆಂಡತಿ ಹೊರಟುಹೋದಳು. ಬೈದಿದ್ದರೆ ವಾಸಿಯಿತ್ತು. ಚುರುಕಿ ಕೋಣೆಗೆ ಬಂದು, ಬಾಗಿಲು ಹಾಕಿಕೊಂಡು, ಬಿಕ್ಕಿ ಬಿಕ್ಕಿ ಅತ್ತಳು. ಕೊನೆಗೆ ಅತ್ತೆಯೇ ಗದರಿದಳು.

“ಸಾಕು, ಏಳು. ಹೀಗೆ ದಿನಾ ಸಾಯೋ ಬದಲು ಹೋಗಿ ಹೇಳು. ಜೈಲಲ್ಲೂ ನೆಲ ಒರೆಸೋಕೆ ಯಾರಾದ್ರೂ ಬೇಕಲ್ಲ.”

“ನೀವು?”

“ನಾನೇನು ಮಗುನಾ? ಹೋಗೇ.”

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಟೀ ಕುಡಿಯುತ್ತಿದ್ದ. ಚುರುಕಿ ಅವನ ಮೇಜಿನ ಮುಂದೆ ನಿಂತಳು. ದನಿ ನಡುಗಿತು.

“ಸಾರ್, ನನ್ನನ್ನ ಅರೆಸ್ಟ್ ಮಾಡಿ.”

ಅವನು ನಕ್ಕ. “ಏನಮ್ಮಾ, ಪಾತ್ರೆ ಗೀತ್ರೆ ಕದ್ದೆಯಾ?”

“ರಕ್ತ ತೊಳೆದೆ ಸಾರ್. ಪೇಂಟರ್ ರಕ್ತ.”

“ಹಾಲಲ್ಲಿ ರಕ್ತ ಹಾಗೇ ಇತ್ತಲ್ಲಮ್ಮ. ನಾನೇ ನೋಡಿದ್ದೀನಿ.”

“ಹಾಲಲ್ಲಲ್ಲ ಸಾರ್. ಗೇಟಿನ ಮೆಟ್ಟಿಲಲ್ಲಿ. ಏಣಿ ಹೊತ್ಕೊಂಡು ಹೊರಗೆ ಹೋಗ್ತಿದ್ದ. ಹಿಂದಿನಿಂದ ಹೊಡೆದ್ರು. ನಾವಿಬ್ಬರೂ ಒಳಗೆ ತಂದು ಹಾಕಿದ್ವಿ.”

ನಗು ನಿಂತಿತು. ಟೀ ಲೋಟ ಕೆಳಗಿಟ್ಟ. ಸುತ್ತ ನೋಡಿದ. ಆಮೇಲೆ ದನಿ ತಗ್ಗಿಸಿ, “ತಲೆ ಕೆಟ್ಟಿದೆಯಾ ನಿಂಗೆ? ಮನೆಗೆ ಹೋಗು” ಎಂದ.

“ಸಾಕ್ಷಿ ಅಳಿಸೋದು ದೊಡ್ಡ ಅಪರಾಧ ಅಂತೆ. ಯಜಮಾನರೇ ಹೇಳಿದ್ರು.”

“ಹೋಗು ಅಂದ್ನಲ್ಲ! ನಿನ್ನನ್ನ ಯಾರೂ ಹಿಡಿಯಲ್ಲ.”

ಹೊರಗೆ ಬಂದು ಮರದ ಕೆಳಗೆ ನಿಂತಳು. ಹಿಡಿಯಲ್ಲ ಅಂತಾರಲ್ಲ, ಯಾಕೆ? ಯೋಚಿಸಿದಳು. ಹಿಡಿಯಬೇಕಾದರೆ ಏನು ತಪ್ಪು ಮಾಡಿದಳು ಎಂದು ಬರೆಯಬೇಕು. ರಕ್ತ ತೊಳೆದಳು ಎಂದು ಬರೆದರೆ ಎಲ್ಲಿಂದ ತೊಳೆದಳು ಎಂದೂ ಬರೆಯಬೇಕು. ಮೆಟ್ಟಿಲು ಎಂದು ಬರೆದ ಗಳಿಗೆಯಲ್ಲೇ ಯಜಮಾನರ ಕಥೆ ಮುಗಿಯಿತು. ಇಷ್ಟು ದಿನ ಜೈಲು ಅಂತ ಹೆದರಿಸಿದವರಿಗೇ ತಾನು ಜೈಲಿಗೆ ಹೋದರೆ ಹೆಚ್ಚು ಹೆದರಿಕೆ! ಅವಳಿಗೆ ಅಳುವಿನ ನಡುವೆಯೂ ನಗು ಬಂತು. ನೇರವಾಗಿ ಪೇಂಟರನ ಮನೆಗೆ ನಡೆದಳು.

“ನಿನ್ನ ಗಂಡ ಕಳ್ಳ ಅಲ್ಲ ಕಣೇ” ಎಂದಳು ಬಾಗಿಲಲ್ಲೇ. “ಅವನ ಕಾಲು ಹಿಡಿದು ಒಳಗೆ ತಂದೋಳು ನಾನು. ಬೇಕಾದಷ್ಟು ಬೈಯಿ. ಆದ್ರೆ ಮೊದಲು ನನ್ನ ಜೊತೆ ಬಾ.”

ಆ ಹೆಂಗಸು ಅವಳ ಕೆನ್ನೆಗೆ ಹೊಡೆದಳು. ಹೊಡೆದ ಕೈಯಲ್ಲೇ ಅವಳ ತೋಳು ಹಿಡಿದುಕೊಂಡಳು.

ಇಬ್ಬರೂ ಅಂದೇ ಮನೆಮನೆ ಸುತ್ತಿ ಹೇಳಿದರು. ಮಾರನೆಯ ದಿನ ಠಾಣೆಯ ಅಂಗಳ ತುಂಬಿತ್ತು. ಬಣ್ಣದ ಕಲೆಯ ಅಂಗಿಯ ಪೇಂಟರುಗಳು, ಗಾರೆಯವರು, ಆ ಬೀದಿಯ ಮನೆಗೆಲಸದ ಹೆಂಗಸರು. ಚುರುಕಿಯ ಅತ್ತೆ ಯಾರದೋ ಸೈಕಲ್ಲಿನ ಹಿಂದೆ ಕೂತು ಬಂದಿದ್ದಳು. ಇನ್ಸ್‌ಪೆಕ್ಟರಿಂದ ಸುದ್ದಿ ತಿಳಿದು ಬೆಳಿಗ್ಗೆಯೇ ಯಜಮಾನರು ಅತ್ತೆ ಸೊಸೆಯರ ಗಂಟುಮೂಟೆಯನ್ನು ಬೀದಿಗೆಸೆದಿದ್ದರು. ಅದೂ ಅವಳ ತೊಡೆಯ ಮೇಲಿತ್ತು.

ಇನ್ಸ್‌ಪೆಕ್ಟರ್ ಹೊರಗೆ ಬಂದ. “ಏನಿದು ಸಂತೆ? ಏನು ಬೇಕು ನಿಮಗೆ?”

“ನನ್ನನ್ನ ಹಿಡೀರಿ” ಎಂದಳು ಚುರುಕಿ. ಈ ಸಲ ದನಿ ನಡುಗಲಿಲ್ಲ.

“ಹಿಡೀರಿ ಅವಳನ್ನ!” ಅತ್ತೆ ಕೂಗಿದಳು. “ನನ್ನ ಸೊಸೆ ತಪ್ಪು ಮಾಡಿದ್ದಾಳೆ. ಯಾಕೆ ಬಿಡ್ತೀರಿ? ಬಡವರ ಮೇಲೆ ಇಷ್ಟು ಕರುಣೆ ಯಾವಾಗಿಂದ ಬಂತು?”

ಜನ ನಕ್ಕರು. ನಗು ನಿಂತ ಮೇಲೆ ಯಾರೂ ಕದಲಲಿಲ್ಲ. ಬೀದಿಯಲ್ಲಿ ಹೋಗುವವರೂ ನಿಂತು ನೋಡತೊಡಗಿದರು. ಇನ್ಸ್‌ಪೆಕ್ಟರ್ ಹಣೆ ಒರೆಸಿಕೊಂಡ. ಲಾಠಿಯ ಕಡೆ ನೋಡಿದ, ಜನರ ಕಡೆ ನೋಡಿದ.

“ಸರಿ, ಸರಿ. ಇವಳನ್ನ ಒಳಗೆ ಕೂರಿಸ್ರಿ” ಎಂದು ಹಲ್ಲು ಕಡಿದ.

ಬಾಗಿಲ ಬಳಿ ಮೇಜಿಗೆ ಕೂತಿದ್ದ ಕಾನ್‌ಸ್ಟೇಬಲ್ ಪೆನ್ನು ತೆಗೆದ. ಹೊಸಬ, ಏನೂ ಗೊತ್ತಿಲ್ಲದವನು. ಎಲ್ಲರಿಗೂ ಕೇಳುವಂತೆ ಕೇಳಿದ:

“ಏನಂತ ಬರೀಲಿ ಸಾರ್?”

ಇನ್ಸ್‌ಪೆಕ್ಟರ್ ಬಾಯಿ ತೆರೆದ.

“ಗೇಟಿನ ಮೆಟ್ಟಿಲು ಅಂತ ಬರಿಯಪ್ಪಾ” ಎಂದಳು ಪೇಂಟರನ ಹೆಂಡತಿ, ಮುಂದೆ ಬಂದು ಮೇಜು ಹಿಡಿದು. “ಬರಿ. ನಾವು ಕಾಯ್ತೀವಿ.”