ಒಂದು ಗೇಣು ನೀರು

ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಅಕ್ಕ ಹೇಳುತ್ತಾಳೆ. ದಿನಾ ಬೆಳಿಗ್ಗೆ ಆರಕ್ಕೆ ಅಣೆಕಟ್ಟಿನ ನೂರಾ ನಲವತ್ತು ಮೆಟ್ಟಿಲಿಳಿದು, ಅಳತೆಪಟ್ಟಿಯ ಮುಂದೆ ಬಗ್ಗಿ, ನೀರು ಯಾವ ಗೆರೆಗೆ ನಿಂತಿದೆ ಎಂದು ನೋಡಿ, ಮತ್ತೆ ಅಷ್ಟೂ ಮೆಟ್ಟಿಲು ಹತ್ತಿ ಪುಸ್ತಕದಲ್ಲಿ ಬರೆದು ನೋಡಲಿ, ಅವಳಿಗೂ ಬರುತ್ತದೆ. ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ ಇದೇ. ನನಗಿಂತ ಮುಂಚೆ ನನ್ನ ಮಾವ ಮಾಡುತ್ತಿದ್ದರು.

ಕೆಲಸ ಕಲಿಸಿದ ದಿನವೇ ಮಾವ ಒಂದು ಗುಟ್ಟು ಹೇಳಿಕೊಟ್ಟಿದ್ದರು. "ಕಂಡಿದ್ದಕ್ಕಿಂತ ಒಂದು ಗೇಣು ಕಡಿಮೆ ಬರಿಯಮ್ಮ. ಇರೋದನ್ನೆಲ್ಲ ಹೇಳಿಬಿಟ್ರೆ ಇರೋದನ್ನೆಲ್ಲ ಬಿಟ್ಟುಬಿಡ್ತಾರೆ. ಆ ಗೇಣು ಕಷ್ಟಕಾಲಕ್ಕೆ ಡ್ಯಾಮಿನ ಹೊಟ್ಟೇಲಿ ಇರ್ಲಿ." ನಾನು ಬಾಯಿಗೆ ಬೀಗ ಹಾಕಿಕೊಂಡು ಹಾಗೆಯೇ ಬರೆದುಕೊಂಡು ಬಂದೆ. ಗಂಡನಿಗೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ.

ಈ ವರ್ಷ ಹೊಸ ಇಂಜಿನಿಯರ್ ಬಂದರು. ನನ್ನ ಮಗಳ ವಯಸ್ಸಿನ ಹುಡುಗಿ. ಮೊದಲ ದಿನವೇ ನನ್ನ ಪುಸ್ತಕ ತಿರುವಿ ಹಾಕಿ, "ಈ ಆಫೀಸಲ್ಲಿ ನಾನು ಕಣ್ಣು ಮುಚ್ಕೊಂಡು ನಂಬೋದು ಇದೊಂದನ್ನೇ ಅಮ್ಮಾ" ಎಂದರು. ನನಗೆ ನಾಚಿಕೆಯಾಗಿ ನೆಲ ನೋಡುವಂತಾಯಿತು. ಮಳೆ ಕೈಕೊಟ್ಟು ಮೂರನೇ ವರ್ಷ. ಇಂಥ ಹೊತ್ತಿನಲ್ಲಿ ಈ ಮಗುವಿಗೆ ಸುಳ್ಳು ಬರೆದುಕೊಡಲೇ? ಒಂದೇ ಸಲ ಗೇಣು ಏರಿಸಿದರೆ ಗುಟ್ಟು ರಟ್ಟಾಗುತ್ತದೆ. ಅದಕ್ಕೆ ದಿನಕ್ಕೊಂದು ಬೆರಳಿನಂತೆ ಹನ್ನೆರಡು ದಿನದಲ್ಲಿ ಲೆಕ್ಕ ಸರಿ ಮಾಡಿದೆ. ಯಾರಿಗೂ ಹೇಳಲಿಲ್ಲ. ಎಡವಿದ್ದು ಅಲ್ಲೇ.

ಹೋದ ಸೋಮವಾರ ಆಫೀಸಿನ ಬೋರ್ಡಿಗೆ ಆದೇಶ ಅಂಟಿಸಿದರು. ಕಾಲುವೆಗೆ ಎಂಟು ದಿನ ನೀರು, ಆಮೇಲೆ ಗೇಟು ಬಂದ್. ಉಳಿದದ್ದು ಮಳೆ ಬರುವ ತನಕ ಪಟ್ಟಣದ ನಲ್ಲಿಗಳಿಗೆ. ಓದಿ ಕುಣಿದಾಡುವಷ್ಟು ಖುಷಿಯಾಯಿತು. ಅಕ್ಕನ ಹೊಲ ಕಾಲುವೆಯ ಕಟ್ಟಕಡೆಗೆ ಇದೆ, ನೀರು ಅಲ್ಲಿಗೆ ತಲುಪುವುದು ಆರನೇ ದಿನ. ಅವಳ ಈರುಳ್ಳಿ ಸಸಿ ಮಡಿಯಲ್ಲಿ ನಾಟಿಗೆ ಸಿದ್ಧವಾಗಿ ನಿಂತಿತ್ತು. ಆಮೇಲೆ ಬೆರಳು ಮಡಚಿ ಎಣಿಸಿದೆ. ನನ್ನ ಪುಸ್ತಕದ ಪ್ರಕಾರ ಪಟ್ಟಣದ ಪಾಲು ಕಳೆದರೆ ಕಾಲುವೆಗೆ ಇರುವುದು ಐದೇ ದಿನದ ನೀರು. ಇನ್ನು ಮೂರು ದಿನದ್ದು ಎಲ್ಲಿಂದ ಬಂತು? ನೆಟ್ಟಗೆ ಇಂಜಿನಿಯರ್ ಮೇಡಂ ಕೋಣೆಗೆ ನುಗ್ಗಿ ಅದನ್ನೇ ಕೇಳಿದೆ.

ಮೇಡಂ ಎದ್ದು ಬಾಗಿಲು ಹಾಕಿ ನಕ್ಕುಬಿಟ್ಟರು. "ನಿಮ್ಮ ಗೇಣು ಸೇರಿಸಿದೀನಿ ಅಮ್ಮಾ."

"ಯಾವ ಗೇಣು?"

"ಸಾಕು ನಾಟಕ! ನಿಮ್ಮ ಮಾವನ ಕಾಲದಿಂದ್ಲೂ ಇಲ್ಲಿಗೆ ಬಂದ ಇಂಜಿನಿಯರ್‌ಗಳಿಗೆಲ್ಲ ಗೊತ್ತು. ಚಾರ್ಜ್ ಕೊಡುವಾಗ ಒಬ್ಬರಿಗೊಬ್ಬರು ಕಿವೀಲಿ ಹೇಳ್ಕೊಂಡು ಬಂದಿದಾರೆ. ಇಷ್ಟು ದಿನ ಯಾರೂ ಅದನ್ನ ಮುಟ್ಟಿರಲಿಲ್ಲ. ಈ ವರ್ಷ ಬೇರೆ ದಾರಿ ಇರಲಿಲ್ಲ, ನಾನು ಮುಟ್ಟಿದೆ."

ಗೇಣು ಆಗಲೇ ಪುಸ್ತಕದಲ್ಲಿದೆ. ಇವರು ಸೇರಿಸಿದ್ದು ಇಲ್ಲದ ನೀರನ್ನು.

ಸುಮ್ಮನಿದ್ದುಬಿಡಬಹುದಿತ್ತು. ಸುಳ್ಳೇಕೆ, ಒಂದು ಕ್ಷಣ ಸುಮ್ಮನೇ ಇದ್ದೆ. ಎಂಟು ದಿನ ನೀರು ಹರಿಯುತ್ತದೆ, ಅಕ್ಕನ ಸಸಿ ಬೇರೂರುತ್ತದೆ. ಪಟ್ಟಣದ ನಲ್ಲಿ ಒಣಗುವುದು ಇನ್ನೂ ಎರಡು ತಿಂಗಳ ಮೇಲೆ. ಆಗ ಮಳೆ ಬಂದರೂ ಬಂದೀತು. ಬರದಿದ್ದರೆ? ಆ ಪಟ್ಟಣದಲ್ಲಿ ಆಸ್ಪತ್ರೆಯಿದೆ, ಶಾಲೆಗಳಿವೆ, ಕೊಡ ಹಿಡಿದು ನಿಲ್ಲುವ ಸಾವಿರಾರು ಮನೆಗಳಿವೆ. ಹೇಳಿಬಿಟ್ಟೆ.

ಮೇಡಂ ಮುಖ ಬಿಳಿಚಿಕೊಂಡಿತು. ಆಮೇಲೆ ಒಂದು ಹಾಳೆ ನನ್ನ ಕಡೆ ತಳ್ಳಿ, "ಹೀಗಾಯ್ತು ಅಂತ ಬರೆದುಕೊಡಿ. ಕೆಳಗೆ ನಾನೂ ಸಹಿ ಹಾಕ್ತೀನಿ. ತಪ್ಪು ಇಬ್ಬರದೂ" ಎಂದರು. ಮಧ್ಯಾಹ್ನದ ಹೊತ್ತಿಗೆ ಬೋರ್ಡಿನ ಮೇಲೆ ಎಂಟು ಹೋಗಿ ಐದಾಯಿತು.

ಇದನ್ನು ಫೋನಿನಲ್ಲಿ ಹೇಳಲು ಮನಸ್ಸು ಬರಲಿಲ್ಲ, ಬಸ್ಸು ಹತ್ತಿದೆ. ಅಕ್ಕ ಮಡಿಯ ಪಕ್ಕ ಕೂತು ಕಳೆ ಕೀಳುತ್ತಿದ್ದಳು. ನನ್ನನ್ನು ನೋಡಿ, "ಏನೇ ಇದು, ಹೇಳದೆ ಕೇಳದೆ ಬಂದ್ಬಿಟ್ಟೆ? ನಾಟಿಗೆ ಕೈ ಜೋಡಿಸೋಕಾ?" ಎಂದು ನಕ್ಕಳು. ಅವಳೆದುರು ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಮಾವನ ಗುಟ್ಟು, ನಾನು ತಿದ್ದಿದ್ದು, ಮೇಡಂ ಸೇರಿಸಿದ್ದು, ಎಂಟು ಐದಾದದ್ದು, ಒಂದನ್ನೂ ಬಿಡಲಿಲ್ಲ. ಅಕ್ಕ ಕೈಯ ಮಣ್ಣು ಉದುರಿಸಿಕೊಳ್ಳುತ್ತ ಕೇಳಿಸಿಕೊಂಡಳು.

"ಹೋದ ವರ್ಷಾನೂ ನೀರು ನಮ್ಮ ತನಕ ಬರ್ಲಿಲ್ಲ. ಹೊಲ ಪೂರ್ತಿ ಬೀಳು ಬಿಟ್ಟೆ" ಎಂದಳು.

"ಹೂಂ."

"ಆಗ ನಿನ್ನ ಕೇಳಿದ್ದೆ, ಇನ್ನೆರಡು ದಿನದ ನೀರೂ ಇಲ್ವೇನೇ ಅಂತ. ಇಲ್ಲ ಅಕ್ಕಾ ಅಂದೆ."

ನಾನು ತಲೆ ತಗ್ಗಿಸಿದೆ.

"ಇತ್ತಾ?"

"ಇತ್ತು. ಮೂರು ದಿನದ್ದು."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನನಗೆಷ್ಟೋ ಹಗುರವಾಗುತ್ತಿತ್ತು. ಅಲ್ಲಿ ಆಫೀಸಿನಲ್ಲಿ ಬಂದವರಿಗೆಲ್ಲ ನನ್ನ ಸುಳ್ಳು ಗೊತ್ತಿತ್ತು. ನನ್ನ ಮಾತನ್ನು ಮಾತೆಂದು ನಂಬಿ ಹೊಲ ಬೀಳು ಬಿಟ್ಟವಳು ನನ್ನ ಒಡಹುಟ್ಟಿದವಳೊಬ್ಬಳೇ.

"ಈಗ ಇಲ್ಲ ಅಂತಿದೀಯಲ್ಲ," ಎಂದಳು ಅಕ್ಕ, "ಇದು ನಿಜಾನಾ?"

"ನಿಜ ಅಕ್ಕಾ."

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮಡಿಗೆ ಬಗ್ಗಿ ಸಸಿಗಳನ್ನು ಹಿಡಿಹಿಡಿಯಾಗಿ ಕೀಳತೊಡಗಿದಳು. "ಒಣಗಿಸಿ ಹಾಳು ಮಾಡೋದ್ಯಾಕೆ? ನಾಳೆ ಸಂತೇಲಿ ಸೊಪ್ಪು ಅಂತಾದ್ರೂ ಮಾರೋಣ. ಹಿಡಿ, ಆ ಕಡೆಯಿಂದ ನೀನೂ ಕೀಳು" ಎಂದಳು.