ಹತ್ತು ಹೆಜ್ಜೆ

ಸಲೋಮಿಬಾಯಿ ಸವದತ್ತಿಯ ಸರಕಾರಿ ದವಾಖಾನೆಗೆ ನರ್ಸಾಗಿ ಬಂದು ಇಪ್ಪತ್ತೆರಡು ವರ್ಷ. ಅಷ್ಟೂ ವರ್ಷ ಯುಗಾದಿ, ದಸರಾ, ರಮಜಾನ್ ಹಬ್ಬ ಎಂದರೆ ಡ್ಯೂಟಿ ಅವಳದೇ. ಉಳಿದವರು ಹಬ್ಬ ಮಾಡಲಿ, ತನಗೆ ಕ್ರಿಸ್‌ಮಸ್ ಒಂದು ದಿನ ಬಿಟ್ಟುಕೊಟ್ಟರೆ ಸಾಕು. ಬರೆದಿಟ್ಟ ಕರಾರೇನಲ್ಲ, ಆದರೆ ಮುರಿಯುವ ಧೈರ್ಯ ಯಾರಿಗಿತ್ತು? ಸಲೋಮಿಬಾಯಿಯ ನಾಲಿಗೆ ಅಂಥದ್ದು.

ಎರಡು ಸಾವಿರದ ಇಸವಿಯ ಕ್ರಿಸ್‌ಮಸ್ಸಿಗಂತೂ ಆಕೆ ಮೂರು ತಿಂಗಳಿಂದ ದಿನ ಎಣಿಸಿದ್ದಳು. ಅಂದು ಬೈಲಹೊಂಗಲದ ಚರ್ಚಿನಲ್ಲಿ ಮಗಳ ಕೂಸಿಗೆ ದೀಕ್ಷಾಸ್ನಾನ. ಚರ್ಚಿನ ಬಾಗಿಲಿನಿಂದ ಪಾದ್ರಿಯವರ ಮುಂದಿನವರೆಗೆ ಕೂಸನ್ನು ಎತ್ತಿಕೊಂಡು ನಡೆಯುವವಳು ತಾಯಿಯ ತಾಯಿ. ಅವರ ಮನೆತನದ ರೂಢಿ ಅದು. ಬೀಗತಿ ಎಸ್ತೇರವ್ವ ತಾನೇ ಎತ್ತಿಕೊಳ್ಳುತ್ತೇನೆಂದು ಹಟ ಹಿಡಿದಾಗ ಸಲೋಮಿ ವಾರಗಟ್ಟಲೆ ಮಾತು ಬಿಟ್ಟು ಗೆದ್ದಿದ್ದಳು. ಹತ್ತೇ ಹೆಜ್ಜೆ ದಾರಿ. ಅದಕ್ಕೆ ಇಷ್ಟು ಜಗಳವೇ ಎಂದರೆ, ಹೌದು, ಇಷ್ಟು ಜಗಳ.

ಬೆಳಿಗ್ಗೆ ಆರಕ್ಕೇ ಆಕೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಳು. ಮಡಿಲಲ್ಲಿ ತಾನೇ ಹೊಲಿದ ಬಿಳಿ ಅಂಗಿಯ ಗಂಟು. ದವಾಖಾನೆಯ ರಾತ್ರಿ ಪಾಳಿ ಮುಗಿಸಿ ಬಂದ ಆಯಾ ಬಾಯವ್ವ ಪಕ್ಕದಲ್ಲಿ ಕುಳಿತು ಮೆಲ್ಲಗೆ ಬಾಯಿಬಿಟ್ಟಳು. ಇಂದು ಸಲೋಮಿಯ ಬದಲು ಡ್ಯೂಟಿ ಮಾಡಬೇಕಾದ ಹಿನಾಕೌಸರಳ ಗಂಡ ಮುಸ್ತಕೀಮ ರಜೆ ಮುಗಿದು ಮಧ್ಯಾಹ್ನವೇ ಸೌದಿಗೆ ಹೊರಡುತ್ತಾನಂತೆ. ಇನ್ನು ಬರುವುದು ಎರಡು ವರ್ಷಕ್ಕೆ. ಹುಡುಗಿ ರಮಜಾನ್ ಉಪವಾಸದ ರೋಜಾ ಹಿಡಿದುಕೊಂಡು ಅಳುತ್ತಲೇ ಕೆಲಸಕ್ಕೆ ಬಂದಿದ್ದಾಳೆ. ಬಾಯಿಯವರು ನಮ್ಮ ಎಲ್ಲ ಹಬ್ಬಕ್ಕೂ ದುಡಿದಿದ್ದಾರೆ, ಅವರ ಕಿವಿಗೆ ಹಾಕಬೇಡ ಎಂದು ಆಣೆ ಮಾಡಿಸಿಕೊಂಡಿದ್ದಾಳೆ.

ಆಣೆ ಮಾಡಿದವಳು ಈಗೇಕೆ ಹೇಳಿದೆ ಎಂದು ಸಲೋಮಿ ರೇಗಿದಳು. ಬಸ್ ಬಂತು, ಜನ ಹತ್ತಿದರು. ಕಾಡಿ ಬೇಡಿ ಪಡೆದ ರಜೆಯಲ್ಲ ಇದು, ಇಪ್ಪತ್ತೆರಡು ವರ್ಷ ದುಡಿದು ಗಳಿಸಿದ್ದು. ಕಣ್ಣು ತುಂಬಿದವು.

"ಸ್ವಾಮಿ, ನೀ ದೇವರಾಗಿ ಶಿಷ್ಯರ ಕಾಲ ತೊಳದಾಂವ," ಎಂದು ತನ್ನೊಳಗೇ ಗೊಣಗಿದಳು. "ನಿನ್ನ ಮುಂದ ನನ್ನ ಹಕ್ಕಿನ ಮಾತ ಹೆಂಗ ಆಡ್ಲಿ?"

ಎದ್ದು ಹೋಗಿ ಗಂಟನ್ನು ಕಂಡಕ್ಟರನ ಕೈಗಿಟ್ಟಳು. ಬೈಲಹೊಂಗಲ ಬಸ್‌ಸ್ಟ್ಯಾಂಡಿನಲ್ಲಿ ಅಳಿಯ ಕಾಯುತ್ತಿರುತ್ತಾನೆ, ಅವನಿಗೆ ಮುಟ್ಟಿಸಬೇಕು, ಜೊತೆಗೆ ಒಂದು ಮಾತೂ ಹೇಳಬೇಕು ಎಂದಳು. ಆ ಮಾತು ಹೊರಬರುವ ಮುಂಚೆ ಎರಡು ಸಲ ಕೆಮ್ಮಬೇಕಾಯಿತು.

"ಕೂಸಿನ್ನ ಎಸ್ತೇರವ್ವಾರ ಎತ್ತಕೊಳ್ಲಿ ಅಂತ ಹೇಳ್ರಿ."

ದವಾಖಾನೆಗೆ ಹೋಗಿ ಹಿನಾಳನ್ನು ಗದರಿಸಿಯೇ ಮನೆಗೆ ಅಟ್ಟಿದಳು. ಹುಡುಗಿ ಕೈ ಹಿಡಿದು ಅಳತೊಡಗಿದರೆ, ಅಳುವುದಿದ್ದರೆ ಗಂಡನ ಮುಂದೆ ಹೋಗಿ ಅಳು, ಹೊತ್ತಾಗುತ್ತದೆ ಎಂದಳು. ತನ್ನ ಕಣ್ಣನ್ನು ಮಾತ್ರ ಆ ಕಡೆ ತಿರುಗಿಸಿಕೊಂಡಿದ್ದಳು.

ಹತ್ತು ಗಂಟೆಗೆ ಮನೋಳಿಯ ಉಮಾಶ್ರೀ ಹೆಣ್ಣುಕೂಸನ್ನು ಹೆತ್ತಳು. ಸಲೋಮಿ ಬೆಚ್ಚನೆಯ ನೀರಿನಲ್ಲಿ ಅರಿವೆ ಅದ್ದಿ ಕೂಸಿನ ನೆತ್ತಿ ಒರೆಸಿದಳು, ಬಿಳಿ ಬಟ್ಟೆಯಲ್ಲಿ ಸುತ್ತಿದಳು. ಗೋಡೆಯ ಗಡಿಯಾರ ನೋಡಿದಳು. ಬೈಲಹೊಂಗಲದಲ್ಲಿ ಎಸ್ತೇರವ್ವ ಈಗ ನಡೆಯುತ್ತಿರಬೇಕು. ಕೂಸನ್ನು ಎದೆಗೊತ್ತಿಕೊಂಡು ಬಾಣಂತಿಯ ಮಂಚದ ಕಡೆ ಹೊರಟಳು.

ಮಂಚದ ಬಳಿ ಉಮಾಶ್ರೀಯ ತಾಯಿ ಕೆಂಚವ್ವ ಎರಡೂ ಕೈ ಚಾಚಿ ನಿಂತಿದ್ದಳು. "ಲಗೂ ತರ್ರಿ ಬಾಯಾರ, ಯಾಕ ಇಷ್ಟ ಸಾವಕಾಶ?"

"ತಡಿ ಯವ್ವಾ," ಎಂದಳು ಸಲೋಮಿ. "ಹತ್ತ ಹೆಜ್ಜಿ ಅದಾವ. ಇವತ್ತ ಒಂದೂ ಬಿಡೂದಿಲ್ಲ ನಾ."