ಗುಲಗಂಜಿ ತೂಕ

ಹೊಳೆನರಸೀಪುರದ ಪೇಟೆ ಬೀದಿಗೆ ಎಂದಾದರೂ ಒಂದು ಚರಿತ್ರೆ ಬರೆಯುವುದಾದರೆ, ೧೯೪೨ನೇ ಇಸವಿ ಶಿವರಾತ್ರಿಯ ಮರುವಾರ ಬೆಲ್ಲದ ಮಂಡಿ ಈಶ್ವರಯ್ಯನವರ ಮನೆಯ ಸಾರಿಗೆ ಉಪ್ಪು ಬೀಳದೆ ಹೋದ ಸಂಗತಿಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕು. ಸಿಂಗಪುರ ಜಪಾನೀಯರ ಕೈಗೆ ಬಿದ್ದದ್ದೂ ಆ ಸುಮಾರಿಗೇ. ಅದನ್ನು ಬೇಕಾದರೆ ಕೆಳಗೆ ಸಣ್ಣದಾಗಿ ಸೇರಿಸಬಹುದು. ಮೊದಲ ತುತ್ತನ್ನು ಬಾಯಿಗಿಟ್ಟ ಈಶ್ವರಯ್ಯನವರು ಅದನ್ನು ನುಂಗದೆ ಹಾಗೆಯೇ ಕುಳಿತರು.

"ಯಾಕ್ರಿ, ಸೇರಲಿಲ್ವಾ?" ಒಲೆಯ ಪಕ್ಕದಿಂದ ಹೆಂಡತಿ ದಾಕ್ಷಾಯಣಮ್ಮ ಕೇಳಿದರು. ಮಾತು ಕೊಡದೊಳಗಿನಿಂದ ಬಂದಂತೆ ದಪ್ಪಗೆ, ತಡವಾಗಿ ಬಂತು.

"ಚೆನ್ನಾಗಿದೆ," ಎಂದು ಅವರು ಇನ್ನೆರಡು ಸೌಟು ಹಾಕಿಸಿಕೊಂಡು ಉಂಡರು. ಕೈ ತೊಳೆದವರು ಮಂಡಿಗೆ ಹೋಗದೆ ನೇರ ಸ್ಟೇಷನ್ನಿಗೆ ನಡೆದು ಹಾಸನದ ರೈಲು ಹತ್ತಿದರು.

ಹಿಂದೊಮ್ಮೆ ಹೆಂಡತಿಗೆ ಕಾಯಿಲೆ ಶುರುವಾದದ್ದೂ ಹೀಗೆಯೇ, ಉಪ್ಪಿನಿಂದ. ಆಮೇಲೆ ಒಲೆಯ ಮೇಲೆ ಹಾಲಿಟ್ಟು ಅಲ್ಲೇ ಗೋಡೆಗೊರಗಿ ನಿದ್ದೆ ಹೋಗುವುದು. ಚೈತ್ರದ ಬಿಸಿಲಿನಲ್ಲಿ ಕಂಬಳಿ ಹೊದೆಯುವುದು. ಮುಖ ಊದಿ, ಹುಬ್ಬಿನ ತುದಿ ಉದುರಿ, ಗಂಡಸಿನ ದನಿ ಬಂದದ್ದು. ಸೋಮಾರಿತನ ಎಂದು ಕೆಲವರು, ಗಾಳಿ ಎಂದು ಕೆಲವರು. ಆರು ವರ್ಷ ಹೀಗೇ ಕಳೆಯಿತು. ಈಶ್ವರಯ್ಯನವರ ಅಕ್ಕ ಬಸವಲಿಂಗಮ್ಮನವರು ಮಾತ್ರ ಕಾಯಿಲೆಗೆ ಹೆಸರು ಹುಡುಕುತ್ತ ಕೂರದೆ ಅರಕಲಗೂಡಿನಲ್ಲಿ ಒಂದು ಹೆಣ್ಣು ಹುಡುಕಿದರು. ತಮ್ಮನನ್ನು ಬೆಲ್ಲದ ವ್ಯಾಪಾರವೆಂದು ಹೊರಡಿಸಿ, ಹೆಣ್ಣು ತೋರಿಸಿ, ಅವಲಕ್ಕಿ ತಿನ್ನಿಸಿ ಕರೆತಂದಿದ್ದರು.

ಆ ತಿಂಗಳೇ, ಕಾಲಿನ ಊತಕ್ಕೆಂದು ಹಾಸನದ ಡಾಕ್ಟರಿಗೆ ತೋರಿಸಿದ್ದು. ಡಾಕ್ಟರು "ನಿಮ್ಮ ಹೆಸರೇನಮ್ಮ" ಎಂದು ಕೇಳಿದರು. ದಾಕ್ಷಾಯಣಮ್ಮ ತಮ್ಮ ಹೆಸರನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ, ಆ ನಿಧಾನದ ದನಿಯಿಂದಲೇ, ಡಾಕ್ಟರಿಗೆ ಕಾಯಿಲೆ ತಿಳಿದುಹೋಗಿತ್ತು. ಕಂದು ಬಣ್ಣದ ಪುಟ್ಟ ಮಾತ್ರೆ, ದಿನಕ್ಕೊಂದು. ಎರಡು ತಿಂಗಳಿಗೆ ದಾಕ್ಷಾಯಣಮ್ಮ ಅಟ್ಟ ಹತ್ತಿ ಆರು ವರ್ಷದ ಧೂಳು ಕೊಡವಿದರು. ಮೂರನೆಯ ತಿಂಗಳು ಬಸವಲಿಂಗಮ್ಮನವರ ಸೊಂಟದಿಂದ ಬೀಗದ ಕೈ ಇಸಿದುಕೊಂಡರು. ನಾಲ್ಕು ವರ್ಷ ಪ್ರತಿ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಲಿಂಗ ಹಿಡಿದ ಎಡಗೈಯ ಪಾದೋದಕದೊಂದಿಗೇ ಆ ಮಾತ್ರೆಯನ್ನು ನುಂಗುತ್ತಿದ್ದರು. ಈ ಸಂಕ್ರಾಂತಿಗೆ ಸೀಸೆ ಬರಿದಾಯಿತು. ಹೊಸದು ಬರಲಿಲ್ಲ.

"ಎಲ್ಲಿಂದ ತರಲಿ, ಈಶ್ವರಯ್ಯನೋರೆ," ಎಂದರು ಹಾಸನದ ಡಾಕ್ಟರು. "ಇಂಗ್ಲೆಂಡಿನ ಹಡಗೇ ಬರ್ತಾ ಇಲ್ಲ. ಬೊಂಬಾಯಿಗೂ ಬರೆದೆ, ಮದರಾಸಿಗೂ ಬರೆದೆ."

"ಬೇರೆ ಯಾವುದಾದ್ರೂ ಕೊಡಿ. ಮೊನ್ನೆಯಿಂದ ಮತ್ತೆ ತೂಕಡಿಸ್ತಾಳೆ."

"ಬೇರೆ ಯಾವುದೂ ಇಲ್ಲ. ಹೀಗೇ ಬಿಟ್ಟರೆ ಮೊದಲಿನ ಹಾಗೇ ಆಗ್ತಾರೆ. ಎದೆ ಸೋತರೆ ಜೀವಕ್ಕೇ ಮೋಸ." ಡಾಕ್ಟರು ಪೆನ್ನಿನ ಮುಚ್ಚಳ ತಿರುವಿದರು. "ಒಂದು ದಾರಿ ಇದೆ. ನೀವೇ ಮಾಡ್ಕೊಬೇಕು. ನಿಮ್ಮೂರಲ್ಲಿ ಕುರಿ ಕಡೀತಾರಲ್ಲ?"

"ಯಾವ ಕುರಿ?"

"ಯಾವ ಕುರಿಯಾದರೂ ಸರಿ. ಅದರ ಗಂಟಲಿನ ಎರಡೂ ಪಕ್ಕ ಒಂದೊಂದು ಗ್ರಂಥಿ ಇರುತ್ತೆ. ಅದನ್ನ ಒಣಗಿಸಿ ಪುಡಿ ಮಾಡಿದ್ದೇ ಈ ಮಾತ್ರೆ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಈಶ್ವರಯ್ಯನವರ ಕೈ ಅಂಗಿಯೊಳಗಿನ ಕರಡಿಗೆಗೆ ಹೋಯಿತು. ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ, ಇದ್ದಲ್ಲೇ ಇತ್ತು. ಈರುಳ್ಳಿಯ ವಾಸನೆಗೆ ಹೋಟೆಲಿನ ಬೀದಿ ಬಿಟ್ಟು ಸುತ್ತಿ ನಡೆಯುವ ಮನುಷ್ಯ. ಸುಮಾರು ಒಂದು ಸಾವಿರದ ನಾನೂರು ಬೆಳಗು ತಮ್ಮ ಪೂಜಾಕೋಣೆಯಲ್ಲಿ ಏನು ನಡೆದಿದೆ ಎಂಬುದನ್ನು ಅವರು ಕಣ್ಣೆದುರು ತಂದುಕೊಳ್ಳಲು ನೋಡಿದರು. ಆಗಲಿಲ್ಲ. ಡಾಕ್ಟರು ಹೇಳುತ್ತಲೇ ಇದ್ದರು: ಕೊಬ್ಬು ಬಿಡಿಸಿ, ತೆಳ್ಳಗೆ ಹೆಚ್ಚಿ, ಗರಿಗರಿ ಒಣಗಿಸಿ, ಅಕ್ಕಸಾಲಿಗರ ತಕ್ಕಡಿಯಲ್ಲಿ ದಿನಕ್ಕೆ ಒಂದು ಗುಲಗಂಜಿ ತೂಕ. ಹೆಚ್ಚಾದರೆ ಎದೆ ಹೊಡೆದುಕೊಳ್ಳುತ್ತೆ, ಜೋಕೆ.

ವಾಪಸು ರೈಲಿನಲ್ಲಿ ಅವರು ಒಂದೇ ಲೆಕ್ಕ ಹಾಕುತ್ತ ಕುಳಿತರು. ದಾಕ್ಷಾಯಣಿಗೆ ಇದು ತಿಳಿದರೆ ಸತ್ತಾಳೇ ಹೊರತು ಮುಟ್ಟುವವಳಲ್ಲ. ಆದ್ದರಿಂದ ತಿಳಿಯಬಾರದು. ಇಷ್ಟನ್ನು ತೀರ್ಮಾನ ಮಾಡಲು ಮಾವಿನಕೆರೆ ದಾಟಬೇಕಾಯಿತು.

ಮಂಡಿಯಲ್ಲಿ ಮೂಟೆ ಹೊರುವ ಲಕ್ಕಯ್ಯನನ್ನು ಅವರು ಮೂರು ಸಲ ಒಳಗೆ ಕರೆದು, ಎರಡು ಸಲ ಸುಮ್ಮನೆ ಕಳಿಸಿದರು. ಮೂರನೆಯ ಸಲ ಲಕ್ಕಯ್ಯ ತಾನೇ ನಿಂತುಕೊಂಡ.

"ಅದೇನ್ ಬುದ್ಧಿ, ಏಳ್ಬುಡಿ. ಎಣ್ ಕೇಳೋಕ್ ಬಂದೋರಂಗೆ ಆಡ್ತೀರಿ."

"ಕುರೀದು ಗಂಟಲು ಬೇಕಾಗಿತ್ತು ಕಣೋ."

ಲಕ್ಕಯ್ಯ ಹೆಗಲ ಮೇಲಿನ ಗೋಣಿತಾಟನ್ನು ಕೆಳಗಿಟ್ಟ. "ತಲೆ ಕೇಳೋರ್ ಅವ್ರೆ, ಕಾಲ್ ಕೇಳೋರ್ ಅವ್ರೆ. ಗಂಟ್ಲು ಯಾರೂ ಕೇಳಾಕಿಲ್ಲ. ಮೊದುಲ್ನೇ ಕಿತಾನೇ ಗಂಟ್ಲಿಗೆ ಕೈ ಆಕ್ಬುಟ್ರಲ್ಲ ಬುದ್ಧಿ."

"ತಿನ್ನೋಕಲ್ಲ. ಗಂಟಲ ಪಕ್ಕ ಎರಡು ಗ್ರಂಥಿ ಇದಾವಂತೆ. ಔಷಧಿಗೆ."

"ಮಾಟಕ್ಕಲ್ಲ ತಾನೆ?"

"ಇಂಗ್ಲಿಷ್ ಔಷಧಿ."

"ಅಂಗಾರೆ ಸರಿ ಬುಡಿ." ಲಕ್ಕಯ್ಯ ತಾಟನ್ನು ಮತ್ತೆ ಹೆಗಲಿಗೇರಿಸಿದ. "ನಾವು ತಿಂದ್ರೆ ಬಾಡು, ನೀವ್ ತಿಂದ್ರೆ ಔಸ್ದಿ. ತತ್ತೀನಿ. ಯಾರ್ಗೂ ಏಳಾಕಿಲ್ಲ. ಏಳುದ್ರೂ ಯಾರ್ ನಂಬ್ತಾರೆ?"

ಮರುದಿನ ಬೆಳಿಗ್ಗೆ ಮುತ್ತುಗದೆಲೆಯ ಪೊಟ್ಟಣ ಬಂತು. ಈಶ್ವರಯ್ಯನವರು ಮಂಡಿಯ ಹಿಂದಿನ ಕೋಣೆಯ ಅಗುಳಿ ಹಾಕಿ, ಎದೆಯ ಮೇಲಿನ ಕರಡಿಗೆಯನ್ನು ಬೆನ್ನಿಗೆ ತಿರುಗಿಸಿಕೊಂಡು, ಪೊಟ್ಟಣ ಬಿಚ್ಚಿದರು. ಹುಣಿಸೆ ಬೀಜದ ಬಣ್ಣದ ಎರಡು ತುಂಡು. ಇಷ್ಟೇ. ಚಾಕು ಮುಟ್ಟಿಸುವಾಗ ಕಣ್ಣು ಮುಚ್ಚಿದ್ದರಿಂದ ಹೆಬ್ಬೆರಳು ಕುಯ್ದುಕೊಂಡಿತು. ಬೆಲ್ಲದ ಮೂಟೆಗಳ ಸಂದಿಯಲ್ಲಿ ಹುಟ್ಟಿ ಬೆಳೆದ ಇರುವೆಗಳು ಬೆಲ್ಲವನ್ನು ಬಿಟ್ಟು ಇತ್ತ ಸಾಲು ಕಟ್ಟಿದ್ದನ್ನು ನೋಡಿ ಅವರಿಗೆ, ಏಕೋ, ಎಲ್ಲಕ್ಕಿಂತ ಹೆಚ್ಚು ಹೇಸಿಗೆಯಾಯಿತು. ಮೂರು ದಿನ ಹೆಂಚಿನ ಮೇಲೆ ಒಣಗಿಸಿದರು. ಕುಟ್ಟಿದರು. ತೂಗಿದರು. ಎಂಟು ಪೊಟ್ಟಣವಾಯಿತು.

ನಾಲ್ಕನೆಯ ಬೆಳಿಗ್ಗೆ ದಾಕ್ಷಾಯಣಮ್ಮ ಪೂಜೆಗೆ ಕುಳಿತಲ್ಲೇ ಎರಡು ಸಲ ತೂಕಡಿಸಿ, ಎಚ್ಚೆತ್ತು, ಭಸ್ಮ ಧರಿಸಿದರು. ಈಶ್ವರಯ್ಯನವರು ಪೊಟ್ಟಣ ಮುಂದಿಟ್ಟರು.

"ಮೈಸೂರಿಂದ ಬಂತು. ಹೊಸ ಥರದ್ದು. ಪುಡಿ."

ದಾಕ್ಷಾಯಣಮ್ಮ ಪೊಟ್ಟಣ ಬಿಚ್ಚಿ ಅಂಗೈಗೆ ಸುರಿದುಕೊಂಡರು. ಮೂಗಿನ ಹತ್ತಿರ ಒಯ್ದರು. ಗಂಡನ ಹೆಬ್ಬೆರಳಿನ ಬಟ್ಟೆಯ ಪಟ್ಟಿಯನ್ನು ನೋಡಿದರು.

"ಕೊಬ್ಬು ಸರಿಯಾಗಿ ಬಿಡಿಸಿಲ್ಲ ನೀವು," ಎಂದರು, ಅದೇ ನಿಧಾನದ ದಪ್ಪ ದನಿಯಲ್ಲಿ. "ಕಮಟು ವಾಸನೆ ಬರ್ತದೆ."

ಈಶ್ವರಯ್ಯನವರು ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು. "ಏನಂದೆ?"

"ಕುರೀದಲ್ವಾ. ಡಾಕ್ಟ್ರು ಮೊದಲ್ನೇ ದಿನಾನೇ ಹೇಳಿದ್ರು. ನೀವು ಗಾಡಿ ನೋಡೋಕೆ ಹೊರಗೆ ಹೋಗಿದ್ರಿ. 'ನೀವು ಲಿಂಗವಂತ್ರು ಅಮ್ಮ, ಆಗುತ್ತಾ' ಅಂತ ಕೇಳಿದ್ರು. ಆಗುತ್ತೆ ಅಂದೆ."

"ನಾಲ್ಕು ವರ್ಷ," ಎಂದರು ಈಶ್ವರಯ್ಯನವರು. "ಪಾದೋದಕದ ಜೊತೆ. ನನಗೊಂದು ಮಾತು ಹೇಳಬಾರದಾಗಿತ್ತಾ?"

ದಾಕ್ಷಾಯಣಮ್ಮ ಅಂಗೈಯ ಪುಡಿಯನ್ನೇ ನೋಡುತ್ತ ಕುಳಿತರು. ಕಾಯಿಲೆಯೋ ಯೋಚನೆಯೋ ಹೇಳುವುದು ಕಷ್ಟವಾಗಿತ್ತು.

"ಹೇಳಿದ್ರೆ ಕೊಡಿಸ್ತಿದ್ರಾ? ಇಲ್ಲ, ಅರಕಲಗೂಡಿಗೆ ಇನ್ನೊಂದ್ಸಲ ಹೋಗಿ ಅವಲಕ್ಕಿ ತಿಂದ್ಬರ್ತಿದ್ರಾ?"

ಬೀದಿಯಲ್ಲಿ ಯಾರೋ ಎತ್ತಿನ ಗಾಡಿ ಹಿಂದಕ್ಕೆ ನೂಕಿಸುತ್ತಿದ್ದರು. ಈಶ್ವರಯ್ಯನವರು ಉತ್ತರಕ್ಕಾಗಿ ತಮ್ಮೊಳಗೆ ಹುಡುಕಿದರು. ಉತ್ತರ ಸಿಕ್ಕಿತು, ತಕ್ಷಣವೇ. ಅದು ಬಾಯಿಂದ ಹೊರಗೆ ತರುವಂಥದ್ದಾಗಿರಲಿಲ್ಲ. ಅವರು ಇನ್ನೊಂದು ಮಣೆ ಎಳೆದು ಹೆಂಡತಿಯ ಪಕ್ಕ ಕುಳಿತರು.

ದಾಕ್ಷಾಯಣಮ್ಮ ಪುಡಿಯನ್ನು ನಾಲಿಗೆಗೆ ಹಾಕಿಕೊಂಡು, ಎಡಗೈಯ ಪಾದೋದಕವನ್ನು ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡರು.

ಮಾತ್ರೆಯ ಸೀಸೆ ಮತ್ತೆ ಹಾಸನಕ್ಕೆ ಬಂದದ್ದು ಯುದ್ಧ ಮುಗಿದ ಮೇಲೆ. ಅಲ್ಲಿಯವರೆಗೆ ವಾರಕ್ಕೊಂದು ಕುರಿಯಂತೆ, ಕೊಬ್ಬು ಬಿಡಿಸಿ ಪುಡಿ ಮಾಡಿದವರು ಈಶ್ವರಯ್ಯನವರೇ.